ಸೀರೆ ಒಂದು, ಹೆಸರು ಮೂರು

ಕಾಮರ್ಸ್ ಕಟ್ಟೆ, ಕಂತು 8

ಮೊದಲ ಫೋಟೋ ನಮ್ಮ ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆ. ಎರಡನೇದು ಅಲ್ಲೇ ನೇಯ್ದ ಹಸಿರು ಸೀರೆ, ನೇರಳೆ ಅಂಚು. ಮೂರನೇದು ಅದೇ ಸೀರೆ, ಒಂದು ಶಾಪಿಂಗ್ ಆ್ಯಪ್‌ನಲ್ಲಿ. ಹೆಸರುಗಳನ್ನೆಲ್ಲ ಮುಚ್ಚಿದ್ದೀನಿ, ಡಿಎಂ ಮಾಡಿ ಕೇಳ್ಬೇಡಿ.

ನನ್ನ ಕ್ಲಾಸ್‌ಮೇಟ್ ಒಬ್ಬಳು ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಲ್ಲಿ ಅಮ್ಮಂಗೆ ಅಂತ ಈ ಸೀರೆ ತರಿಸಿದ್ಲು. ಆ್ಯಪ್‌ನಲ್ಲಿ ಬರೆದಿದ್ದು: ಪ್ಯೂರ್ ಸಿಲ್ಕ್, ಕೈಮಗ್ಗ, ಕಾಂಚೀಪುರಂ. ಅವರ ಅಮ್ಮ ಸೆರಗು ಮುಟ್ಟಿ ನೋಡಿ ಏನೂ ಮಾತಾಡ್ಲಿಲ್ಲವಂತೆ. ಆಮೇಲೆ ಕುಚ್ಚಿನಿಂದ ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಗೀರಿದ್ರು. ರೇಷ್ಮೆ ಆಗಿದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಆಗ್ಬೇಕು. ಇದು ಕರಗಿ ಪುಟ್ಟ ಗುಂಡು ಆಯ್ತು. ಅವಳು ಫೋಟೋ ಕಳಿಸಿದಾಗ ಅಂಚು ನೋಡಿದ ತಕ್ಷಣ ನಂಗೆ ಗೊತ್ತಾಯ್ತು, ಇದು ನಮ್ಮ ಬೀದಿ ಮಾಲು.

ಮಗ್ಗದ ಅಣ್ಣನ ಹತ್ರ ಹೋಗಿ ಕೇಳಿದೆ. ಅವರು ಸಗಟು ಅಂಗಡಿಗೆ ಕೊಟ್ಟ ಬಿಲ್ ತೆಗೆದು ತೋರಿಸಿದ್ರು. "ಪಾಲಿಯೆಸ್ಟರ್ ಸೀರೆ" ಅಂತ ಸ್ಪಷ್ಟವಾಗಿ ಇದೆ. ಸಗಟು ಅಂಗಡೀಲಿ ಅದು "ಆರ್ಟ್ ಸಿಲ್ಕ್" ಆಗಿದೆ. (ಆರ್ಟ್ ಅಂದ್ರೆ ಕಲೆ ಅಂತ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ. ಅದು ಆರ್ಟಿಫಿಶಿಯಲ್ ಅನ್ನೋದರ ಮೊಟಕು!) ಅಲ್ಲಿಂದ ಕೊಂಡ ಆನ್‌ಲೈನ್ ಮಾರಾಟಗಾರ "ಆರ್ಟ್" ಅನ್ನೋದನ್ನ ಅಳಿಸಿ "ಪ್ಯೂರ್" ಸೇರಿಸಿದ. ಮಗ್ಗ ಕೈಮಗ್ಗ ಆಯ್ತು, ಊರು ತಮಿಳುನಾಡಿಗೆ ಹೋಯ್ತು. ಸೀರೆಯ ಒಂದು ಎಳೆಯೂ ಬದಲಾಗಿಲ್ಲ. ದೊಡ್ಡಬಳ್ಳಾಪುರ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ.

ಗೆಳತಿಗೆ ದುಡ್ಡು ವಾಪಸ್ ಬಂತು. ಕಥೆ ಅಲ್ಲಿಗೆ ಮುಗೀಲಿಲ್ಲ. ಅಂಥ ವಾಪಸ್ ಸೀರೆಗಳೆಲ್ಲ ಮಾರಾಟಗಾರನಿಂದ ಸಗಟು ಅಂಗಡಿಗೆ, ಅಲ್ಲಿಂದ ಮಗ್ಗದ ಮನೆಗೆ ಬಂದ್ವು. "ಮಾಲ್ ಸರಿ ಇಲ್ವಂತೆ" ಅಂತ ಅಣ್ಣನ ಬಾಕಿಯಲ್ಲಿ ಮುರ್ಕೊಂಡ್ರು. ಇಡೀ ಸಾಲಿನಲ್ಲಿ ನಿಜ ಬರೆದವರು ಒಬ್ಬರೇ. ದಂಡ ಕಟ್ಟಿದ್ದೂ ಅವರೇ.

ನಾನೇನು ಸಾಚಾ ಅಲ್ಲ. ಹೋದ ವರ್ಷ ಅಣ್ಣ ತಾವೇ ಆನ್‌ಲೈನ್‌ನಲ್ಲಿ ಮಾರೋಣ ಅಂತ ಹೊರಟಾಗ ವಿವರ ತುಂಬಿಸಿದ್ದು ನಾನು. "ಪಾಲಿಯೆಸ್ಟರ್" ಅಂತ ಬರೆದ ಮೂರು ವಾರ ಒಂದು ಆರ್ಡರ್ ಕೂಡ ಬರ್ಲಿಲ್ಲ. ಜನ ಹುಡುಕೋದು "ಸಿಲ್ಕ್ ಸ್ಯಾರಿ" ಅಂತ ತಾನೇ? ಶೀರ್ಷಿಕೆಗೆ "ಸಿಲ್ಕ್" ಸೇರಿಸಿದೆ. ಆರ್ಡರ್ ಬಂತು. ವಾಪಸ್ಸೂ ಬಂತು, ಜೊತೆಗೆ "ಫೇಕ್" ಅಂತ ಒಂದು ಸ್ಟಾರ್ ರಿವ್ಯೂ. ಅಣ್ಣ ಬೈಯ್ಲಿಲ್ಲ. "ನಮ್ ಸೀರೇನ ಫೇಕ್ ಅಂದ್ರಲ್ಲಮ್ಮಾ" ಅಂದ್ರು, ಅಷ್ಟೇ. ಬೈದಿದ್ರೆ ಚೆನ್ನಾಗಿರ್ತಿತ್ತು.

ಅದಕ್ಕೇ "ಮಾರೋರು ಪ್ರಾಮಾಣಿಕರಾಗಿರಬೇಕು" ಅನ್ನೋ ಉಪದೇಶ ನಂಗೆ ಇಷ್ಟ ಆಗಲ್ಲ. ಪಕ್ಕದವನು ಸುಳ್ಳು ಬರೆದು ಮಾರ್ತಿರುವಾಗ ನಿಜ ಬರೆದವನು ಹುಡುಕಾಟದ ಹತ್ತನೇ ಪುಟದಲ್ಲಿ ಕೂತಿರ್ತಾನೆ. ನಿಯಮ ಇಲ್ಲ ಅಂತಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ವಿವರ, ಫೋಟೋ ಎಲ್ಲ ವಸ್ತುವಿಗೆ ಸರಿಹೊಂದಬೇಕು, ಹಾಗೆ ಅಂತ ಆ್ಯಪ್‌ನವರು ಮಾರಾಟಗಾರರಿಂದ ಮುಚ್ಚಳಿಕೆ ತಗೋಬೇಕು. ತಗೋತಾರೆ. ಒಂದು ಟಿಕ್ ಗುರುತು. ನಾನೂ ಒತ್ತಿದ್ದೆ.

ಈಗ ನಾಲ್ಕನೇ ಫೋಟೋಗೆ ಬನ್ನಿ. ಗೆಳತಿಗೆ ಬಂದ ಬಿಲ್. ಅದರಲ್ಲಿ ಸಣ್ಣ ಅಕ್ಷರದಲ್ಲಿ ಎಚ್‌ಎಸ್‌ಎನ್ ಕೋಡ್ ಇದೆ: 5407. ಜಿಎಸ್‌ಟಿ ಪೇಪರ್‌ಗೆ ಓದಿದವರಿಗೆ ಈಗ ನಗು ಬರ್ಬೇಕು. ರೇಷ್ಮೆಯ ನೇಯ್ದ ಬಟ್ಟೆಗೆ 5007. ಪಾಲಿಯೆಸ್ಟರ್‌ನಂಥ ಸಿಂಥೆಟಿಕ್ ಫಿಲಮೆಂಟ್ ನೂಲಿನ ಬಟ್ಟೆಗೆ 5407. ಅಂದ್ರೆ ಮಾರಾಟಗಾರ ಗ್ರಾಹಕರಿಗೆ ರೇಷ್ಮೆ ಅಂದ, ತೆರಿಗೆ ಇಲಾಖೆಗೆ ಪಾಲಿಯೆಸ್ಟರ್ ಅಂದ. ಎರಡನ್ನೂ ಒಂದೇ ಆ್ಯಪ್‌ಗೆ ತುಂಬಿಸಿದ್ದಾನೆ! ಲಿಸ್ಟಿಂಗ್ ಮಾಡುವಾಗ್ಲೇ ಕೋಡ್ ಕೇಳ್ತಾರೆ, ನಾನೇ ತುಂಬಿಸಿದ್ದೀನಿ. ಶೀರ್ಷಿಕೆಯಲ್ಲಿ "ಪ್ಯೂರ್ ಸಿಲ್ಕ್", ಕೋಡ್ 5407 ಇದ್ರೆ ಲಿಸ್ಟಿಂಗ್ ತಡೀರಿ. ಇಷ್ಟನ್ನ ಹೋಲಿಸೋಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ, ನಮ್ಮ ಲ್ಯಾಬ್‌ನ ಎಕ್ಸೆಲ್ ಸಾಕು. ಇದನ್ನ ಎಲ್ಲರಿಗೂ ಒಂದೇ ಸಲ ಮಾಡಿದ್ರೆ ನಿಜ ಬರೆಯೋನು ನಷ್ಟ ಮಾಡ್ಕೊಳ್ಳಲ್ಲ. ಕೋಡ್‌ನಲ್ಲೂ ಸುಳ್ಳು ಬರೀಬಹುದಲ್ವಾ ಅಂತೀರಾ? ಬರೀಬಹುದು. ಆದ್ರೆ ಆಗ ಕೊಂಡ ಬಿಲ್ ಒಂದು, ಮಾರಿದ ಬಿಲ್ ಇನ್ನೊಂದು ಆಗುತ್ತೆ. ಅದನ್ನ ತೆರಿಗೆಯವರಿಗೆ ವಿವರಿಸೋದು ಸಿಟ್ಟಾದ ಗ್ರಾಹಕರಿಗೆ ವಿವರಿಸಿದಷ್ಟು ಸುಲಭ ಅಲ್ಲ.

ಬರೀ ಸೀರೆ ಕಥೆ ಅಲ್ಲ ಇದು. ನಂದಿನಿ ಹಾಲು ನೆನಪಿದೆಯಾ? 2024ರ ಜೂನ್ 26ರಿಂದ ಪ್ಯಾಕೆಟ್‌ಗೆ 50 ಮಿ.ಲೀ. ಜಾಸ್ತಿ, 2 ರೂಪಾಯಿ ಜಾಸ್ತಿ. 2025ರ ಏಪ್ರಿಲ್ 1ರಿಂದ ಮತ್ತೆ ಹಳೇ ಅಳತೆ, ಹೊಸ ಬೆಲೆ. ಟಿವಿಯವರು ದಿನವಿಡೀ ಹೇಳಿದ್ದಕ್ಕೆ ಎಲ್ಲರಿಗೂ ಗೊತ್ತಾಯ್ತು. ಬಿಸ್ಕತ್ ಪ್ಯಾಕ್‌ನಲ್ಲಿ ಹತ್ತು ಗ್ರಾಂ ಕಮ್ಮಿ ಆದ್ರೆ ಯಾವ ಟಿವಿ ಹೇಳುತ್ತೆ? ತೂಕ ಬದಲಾದ್ರೆ ಬಾರ್‌ಕೋಡ್ ಸಂಖ್ಯೆನೂ ಬದಲಾಗ್ಬೇಕು ಅನ್ನೋದು ಬಾರ್‌ಕೋಡ್ ಕೊಡೋ ಜಿಎಸ್1 ಸಂಸ್ಥೆಯ ನಿಯಮ. ಸಂಖ್ಯೆ ಹಳೇದೇ ಇದ್ರೆ ಅಂಗಡಿ ಕಂಪ್ಯೂಟರ್ ಹಳೇ ತೂಕವನ್ನೇ ತೋರಿಸುತ್ತೆ, ಬೈಸ್ಕೊಳ್ಳೋದು ಕೌಂಟರ್‌ನಲ್ಲಿ ಕೂತಿರೋರು. (890 ಇದ್ರೆ ಭಾರತದಲ್ಲೇ ತಯಾರಾಗಿದ್ದು ಅಂತ ವಾಟ್ಸಾಪ್‌ನಲ್ಲಿ ತಿರುಗ್ತಿರುತ್ತಲ್ಲ, ಅದೂ ತಪ್ಪು. ಸಂಖ್ಯೆಯನ್ನ ಭಾರತದ ಜಿಎಸ್1 ಕೊಟ್ಟಿದೆ ಅಂತ ಮಾತ್ರ ಅರ್ಥ.)

ಮತ್ತೆ ಸೀರೆಗೆ. "ಪವರ್‌ಲೂಮ್ ಅಂತ ಬರೆದ್ರೆ ಬೆಲೆ ಸಿಗಲ್ಲ" ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಹಾಗಾದ್ರೆ ಮೈಸೂರು ಸಿಲ್ಕ್? ಕೆಎಸ್‌ಐಸಿಯ ಆ ಕಾರ್ಖಾನೆ 1912ರದ್ದು, ಸೀರೆ ಬರೋದು ಪವರ್‌ಲೂಮ್‌ನಿಂದಲೇ. ಯಾರೂ ಮೂಗು ಮುರಿಯಲ್ಲ, ಷೋರೂಂ ಮುಂದೆ ಕ್ಯೂ ನಿಲ್ತಾರೆ. ಅವರದು ಶುದ್ಧ ರೇಷ್ಮೆ, ನಮ್ಮದು ಬಹಳಷ್ಟು ಪಾಲಿಯೆಸ್ಟರ್, ಒಪ್ಪಿದೆ. ಆದ್ರೆ ಅಲ್ಲಿ ಪ್ರತಿ ಸೀರೆಗೂ ಅದರದೇ ಸಂಖ್ಯೆ ಇದೆ, ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಇದೆ. ನಮ್ಮೂರಲ್ಲೂ ರೇಷ್ಮೆ ನೇಯೋರು ಇದ್ದಾರೆ. ಅವರಿಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಅದು ರೇಷ್ಮೆ ಹೌದೋ ಅಲ್ವೋ ಅಂತಷ್ಟೇ ಹೇಳುತ್ತೆ, ಯಾವ ಮಗ್ಗ ಅಂತ ಹೇಳಲ್ಲ. ಪಾಲಿಯೆಸ್ಟರ್ ನೇಯೋ ಅಣ್ಣಂಗೆ ಅದೂ ಇಲ್ಲ. ದಿನಾ ಉಟ್ಟು, ಮನೇಲೇ ಒಗೆದು, ಇಸ್ತ್ರಿ ಇಲ್ದೆ ಮತ್ತೆ ಉಡೋ ಸೀರೆ ಅದು. ಇದನ್ನೇ ಯಾಕೆ ಬರೀಬಾರ್ದು?

ನಾನು ಕೇಳೋದು ಒಂದು ಚೀಟಿ. ಹಾಸು ಯಾವ ನೂಲು, ಹೊಕ್ಕು ಯಾವ ನೂಲು, ಜರಿ ಎಂಥದ್ದು, ಉದ್ದ ಎಷ್ಟು, ಬ್ಲೌಸ್ ಪೀಸ್ ಇದೆಯಾ, ಯಾವ ಮಗ್ಗ, ಯಾವ ಊರು. ನೇಯ್ದವರು ಒಂದು ಸಲ, ಕನ್ನಡದಲ್ಲೇ, ತುಂಬಿಸ್ಲಿ. ಅದು ಮಾಲಿನ ಜೊತೆ ಸಗಟು ಅಂಗಡಿಗೆ, ಅಲ್ಲಿಂದ ಆ್ಯಪ್‌ಗೆ ಹೋಗ್ಲಿ. ಮುಂದಿನವರು ಇಂಗ್ಲಿಷ್ ಮಾಡ್ಲಿ, ಚಂದದ ಫೋಟೋ ಹಾಕ್ಲಿ, ನೂಲು, ಮಗ್ಗ, ಊರು ಮೂರನ್ನ ಮುಟ್ಟೋ ಹಾಗಿಲ್ಲ. ಬಾರ್‌ಕೋಡ್‌ಗೆ ದುಡ್ಡು ಕಟ್ಟಬೇಕು, ಚೀಟಿಗೆ ಬೇಡ. ಬಿಲ್ ಜೊತೆ ಪಿನ್ ಹೊಡೆದ್ರೂ ಆಯ್ತು, ವಾಟ್ಸಾಪ್ ಮಾಡಿದ್ರೂ ಆಯ್ತು. ನಾಳೆ ತಕರಾರು ಬಂದ್ರೆ ವಿವರ ಎಲ್ಲಿ ಬದಲಾಯ್ತು ಅಂತ ತೋರಿಸೋಕೆ ಅಣ್ಣನ ಕೈಯಲ್ಲಿ ಏನಾದ್ರೂ ಇರುತ್ತೆ.

ಐದನೇ ಫೋಟೋ ಆ ಚೀಟಿಯ ನಮೂನೆ, ಕೈಬರಹ ನಂದು, ನಗಬೇಡಿ. ಈ ಭಾನುವಾರ ಬೆಳಿಗ್ಗೆ ಮಗ್ಗದ ಮನೇಲಿ ಹಳೇ ಸ್ಟಾಕ್ ಎಲ್ಲ ಅಳೆದು ಚೀಟಿ ಬರೀತಿದ್ದೀವಿ. ಟೇಲರ್ ಟೇಪ್ ಇರೋರು ತನ್ನಿ, ಅಣ್ಣನ ಹತ್ರ ಇರೋದು ಒಂದೇ, ಅದೂ ಮೊದಲ ಎರಡು ಇಂಚು ಹರಿದಿದೆ.