ಬಾವಿಯ ಮೀನುಗಳ ಪರವಾಗಿ ಒಂದು ಬಿನ್ನಹ

ಕೇರಳ ರಾಜ್ಯದ ಮಾನ್ಯ ಮುಖ್ಯಮಂತ್ರಿಗಳವರಿಗೆ,
ತಿರುವನಂತಪುರ

ಮಾನ್ಯರೆ,

ಕೆಂಪುಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ಕಂಡ ಕಾಸರಗೋಡಿನ ಕನ್ನಡಿಗರ ನಡುವೆ ಹುಟ್ಟಿ, ಇಂದು ಕೊಚ್ಚಿಯಲ್ಲಿ ನೆಲಸಿರುವ ನಾನು, ಅದೇ ಕಲ್ಲಿನ ಗರ್ಭದಲ್ಲಿ ಬಾಳುವ ಒಂದು ಮತ್ಸ್ಯಕುಲದ ಪರವಾಗಿ ತಮ್ಮಲ್ಲಿ ಬಿನ್ನವಿಸಿಕೊಳ್ಳುತ್ತಿದ್ದೇನೆ.

ಗದ್ದೆಯ ಕೆಸರಿನಲ್ಲಿ ಮೀಸೆಯಾಡಿಸುವ ಮುಗುಡನ್ನು ಅರಿಯದವರಿಲ್ಲ. ಆದರೆ ಅದೇ ಕ್ಯಾಟ್‌ಫಿಶ್ ಬಳಗದ ಹೋರಾಗ್ಲಾನಿಸ್ ಮೀನು, ಪಾಲಕ್ಕಾಡಿನ ಕಣಿವೆಯಿಂದ ದಕ್ಷಿಣಕ್ಕೆ, ಕೆಂಪುಕಲ್ಲಿನ ರಂಧ್ರಗಳಲ್ಲಿ ನಿಂತ ಅಂತರ್ಜಲದಲ್ಲಿಯಲ್ಲದೆ ಲೋಕದಲ್ಲಿ ಮತ್ತೆಲ್ಲಿಯೂ ಕಂಡುಬಂದಿಲ್ಲ. ಕಿರುಬೆರಳಿಗಿಂತ ಚಿಕ್ಕದಾದ ಈ ಜೀವಿಗೆ ಕಣ್ಣುಗಳಿಲ್ಲ. ಚರ್ಮಕ್ಕೆ ಬಣ್ಣವಿಲ್ಲದುದರಿಂದ ಒಳಗಿನ ರಕ್ತವೇ ಹೊರಗೆ ತೋರಿ, ಬಿಂದಿಗೆಯ ನೀರಿನಲ್ಲಿ ಅದು ಕೆಂಪು ದಾರದ ತುಂಡಿನಂತೆ ಮಿಸುಕುತ್ತದೆ. ಕೊಟ್ಟಾಯಂನ ಬಾವಿಗಳಲ್ಲಿ ದೊರೆತ ಮೊದಲ ಪ್ರಭೇದವನ್ನು 1950ರಲ್ಲಿ ಎ. ಜಿ. ಕೆ. ಮೆನನ್ ಅವರು ವಿವರಿಸಿದರು. ನಾಲ್ಕನೆಯದನ್ನು 2023ರಲ್ಲಿ ಕೊಚ್ಚಿಯ ಮೀನುಗಾರಿಕೆ ವಿಶ್ವವಿದ್ಯಾನಿಲಯದ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಆ ಶೋಧನೆಗೆ ಆಧಾರವಾದವರು ಬಾವಿ ತೊಳೆಯುವಾಗಲೋ, ತೊಟ್ಟಿ ಬರಿದುಮಾಡುವಾಗಲೋ ಮೀನು ಕಂಡು, ಚೆಲ್ಲದೆ ತಿಳಿಸಿದ ಸಾಮಾನ್ಯ ಗೃಹಸ್ಥರು.

ಅರಣ್ಯಕ್ಕೆ ಬೇಲಿ ಹಾಕಬಹುದು, ಹೊಳೆಗೆ ಕಾವಲಿಡಬಹುದು. ಮನೆಯಂಗಳದ ಅಡಿಯಲ್ಲಿ ಹಬ್ಬಿರುವ ಈ ಜಲರಾಶಿಗೆ ಅಂತಹ ಯಾವ ಉಪಾಯವೂ ಸಲ್ಲದು. ಬಾವಿಯೆಂಬುದು ಮೀನು ನಮಗೆ ಕಾಣಸಿಗುವ ಸ್ಥಳವೇ ಹೊರತು ಅದರ ನಿಜವಾದ ನೆಲೆಯಲ್ಲ. ನೆಲೆಯು ಕಲ್ಲಿನೊಳಗಿದೆ, ಆ ಕಲ್ಲನ್ನು ಗೋಡೆ ಕಟ್ಟಲೆಂದು ನಾವು ದಿನವೂ ಕಡಿದು ಸಾಗಿಸುತ್ತಿದ್ದೇವೆ.

ಆದುದರಿಂದ ನನ್ನ ಕೋರಿಕೆಗಳು ಮೂರು. ಕೆಂಪುಕಲ್ಲಿನ ಕೋರೆಗೆ ಅನುಮತಿ ನೀಡುವ ಮೊದಲು ಸುತ್ತಲಿನ ಬಾವಿಗಳನ್ನು ಪರೀಕ್ಷಿಸಿ, ಈ ಮೀನಿರುವುದೇ ಎಂಬುದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯು ದಾಖಲಿಸಲಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ರೋಗನಿವಾರಣೆಗಾಗಿ ಎಂಬುದನ್ನು ನಾನು ಬಲ್ಲೆ. ಆದರೂ ಮೀನಿರುವುದು ಖಚಿತವಾದ ಬಾವಿಗಳಲ್ಲಿ, ಸೇದಿದ ನೀರನ್ನು ತೊಟ್ಟಿಯಲ್ಲಿಟ್ಟು ಶುದ್ಧಿಮಾಡುವ ಕ್ರಮವನ್ನು ಆರೋಗ್ಯ ಇಲಾಖೆಯು ವಿಶ್ವವಿದ್ಯಾನಿಲಯದೊಡನೆ ಕೂಡಿ ವಿಚಾರಿಸಲಿ. ಮೀನು ಕಂಡವರು ಯಾರಿಗೆ ತಿಳಿಸಬೇಕೆಂಬುದನ್ನು ಪ್ರತಿಯೊಂದು ಪಂಚಾಯತಿಯೂ ತನ್ನ ಫಲಕದಲ್ಲಿ ಬರೆಯಿಸಲಿ.

ಇವುಗಳಿಂದ ಬೊಕ್ಕಸಕ್ಕೆ ಭಾರವಾಗದು. ಮೀನಿಗೆ ನೆಲೆಯಾದ ನೀರೇ ತಮ್ಮ ಪ್ರಜೆಗಳು ಕುಡಿಯುವ ನೀರೂ ಆಗಿರುವುದರಿಂದ, ಒಂದರ ರಕ್ಷಣೆಗೆ ಹೊರಡಿಸುವ ಆಜ್ಞೆಯು ಇನ್ನೊಂದನ್ನೂ ಕಾಯುವುದೆಂದು ನಂಬಿದ್ದೇನೆ.

ಇತಿ ತಮ್ಮ ವಿಧೇಯ,
ಕೊಚ್ಚಿಯ ಒಬ್ಬ ಕನ್ನಡಿಗ