ಕುಣಿಕೆಯೊಳಗಿಂದ ಕುಣಿಕೆ

ಬಾಗಿಲ ತೋರಣ, ಮೇಜಿನ ಹಾಸು, ಮಗುವಿನ ಟೊಪ್ಪಿಗೆ... ಕ್ರೋಶಾದಲ್ಲಿ ಏನೇ ಹೆಣೆದಿರಲಿ, ಅದರ ಗುಟ್ಟು ಒಂದೇ: ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುವುದು. ಇಷ್ಟು ಸರಳವಾದದ್ದನ್ನು ಕಲಿಯಲು ಹೊರಟವರು ನಾಲ್ಕೇ ದಿನಕ್ಕೆ ‘ನನ್ನ ಕೈಗೆ ಒಗ್ಗದು’ ಎಂದು ಕಡ್ಡಿಯನ್ನು ಕಪಾಟಿಗೆ ಸೇರಿಸುವುದೇಕೆ? ಬಹುಮಟ್ಟಿಗೆ ಅದು ಕಡ್ಡಿ ಮತ್ತು ದಾರದ ಆಯ್ಕೆಯ ತೊಂದರೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಸಪೂರ ಉಕ್ಕಿನ ಕಡ್ಡಿ, ತೆಳುವಾದ ಬಿಳಿ ನೂಲು ಪಳಗಿದ ಕೈಗಳಿಗೇ ಸರಿ. ಹೊಸಬರು ತಿಳಿಬಣ್ಣದ, ಮಧ್ಯಮ ದಪ್ಪದ ಉಲ್ಲನ್ ದಾರವನ್ನೂ 4 ಮಿ.ಮೀ. ಕಡ್ಡಿಯನ್ನೂ ಕೊಳ್ಳಲಿ. ಕುಣಿಕೆ ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಅರ್ಧ ಕಲಿತಂತೆ.

ಮೊದಲು ಸರಪಳಿ. ದಾರದ ತುದಿಯಲ್ಲಿ ಜಾರುಗಂಟು ಹಾಕಿ ಕಡ್ಡಿಗೇರಿಸಿ. ದಾರವನ್ನು ಕಡ್ಡಿಗೆ ಸುತ್ತಿ, ಕೊಕ್ಕೆಯಿಂದ ಹಿಡಿದು ಕುಣಿಕೆಯೊಳಗಿಂದ ಎಳೆಯಿರಿ. ಇದು ಒಂದು ಚೈನ್. ಹೀಗೆ 16 ಹಾಕಿ. ಬಿಗಿಯಾದರೆ ಮುಂದಿನ ಸಾಲಿನಲ್ಲಿ ಕೊಕ್ಕೆ ತೂರುವುದಿಲ್ಲ. ಎಡಗೈ ಬೆರಳುಗಳ ನಡುವೆ ದಾರ ಸಲೀಸಾಗಿ ಹರಿಯಬೇಕು.

ಇನ್ನು ಸಿಂಗಲ್ ಕ್ರೋಶಾ. ಕಡ್ಡಿಯ ಮೇಲಿರುವ ಕುಣಿಕೆಯನ್ನು ಲೆಕ್ಕಕ್ಕೆ ಹಿಡಿಯದೆ, ಕೊಕ್ಕೆಯಿಂದ ಎರಡನೆಯ ಚೈನ್‌ಗೆ ಕಡ್ಡಿ ತೂರಿಸಿ, ದಾರ ಸುತ್ತಿ ಹೊರಗೆಳೆಯಿರಿ. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಮ್ಮೆಗೇ ಎಳೆಯಿರಿ. ಮುಂದಿನ ಪ್ರತಿ ಚೈನ್‌ಗೂ ಹೀಗೆಯೇ. ಸಾಲು ಮುಗಿದಾಗ 15 ಹೆಣಿಗೆ ಇರಬೇಕು. ಒಂದು ಚೈನ್ ಹಾಕಿ, ತುಂಡನ್ನು ತಿರುಗಿಸಿ. ಕೆಳಸಾಲಿನ ಹೆಣಿಗೆಯ ತಲೆಯಲ್ಲಿ ಕಾಣುವ ಎರಡೂ ಎಳೆಗಳ ಕೆಳಗೆ ಕಡ್ಡಿ ತೂರಿಸುತ್ತ ಮತ್ತೆ 15. ತುಂಡು ಬರಬರುತ್ತ ತ್ರಿಕೋನವಾದರೆ ಸಾಲಿನ ಅಂಚಿನಲ್ಲಿ ಹೆಣಿಗೆ ತಪ್ಪುತ್ತಿದೆ ಎಂದರ್ಥ. ಪ್ರತಿ ಸಾಲನ್ನೂ ಎಣಿಸಿ.

ತಪ್ಪಿದರೆ ಹೆದರಬೇಕಿಲ್ಲ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಂಡೀತು. ಇಲ್ಲಿ ಇರುವುದು ಒಂದೇ ಕುಣಿಕೆ. ದಾರ ಎಳೆದು ತಪ್ಪಿದ ಜಾಗದವರೆಗೆ ಬಿಚ್ಚಿ, ಅಲ್ಲಿಂದ ಮುಂದುವರಿಸಿ. ಪುಸ್ತಕ ನೋಡಿ ಕಲಿಯುವವರು ಒಂದು ಮಾತು ನೆನಪಿಡಬೇಕು: ಅಮೆರಿಕದವರ ‘ಸಿಂಗಲ್’ ಬ್ರಿಟಿಷ್ ಪುಸ್ತಕಗಳಲ್ಲಿ ‘ಡಬಲ್’.

ಈ ಕಲೆಗೆ ಇನ್ನೊಂದು ವಿಶೇಷವಿದೆ. ಸ್ವೆಟರ್ ಹೆಣೆಯಲು ಯಂತ್ರಗಳುಂಟು. ಅಸಲಿ ಕ್ರೋಶಾವನ್ನು ಹೆಣೆದು ರಾಶಿ ಹಾಕುವ ಯಂತ್ರ ಕಾರ್ಖಾನೆಗಳಲ್ಲಿ ಇಂದಿಗೂ ಇಲ್ಲ. ಅಂಗಡಿಯಲ್ಲಿ ಕಾಣುವ ಅಸಲಿ ಕ್ರೋಶಾ ಯಾರದೋ ಕೈಯ ದುಡಿಮೆ. 1840ರ ದಶಕದ ಭೀಕರ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಸಂಸಾರಗಳ ಹೊಟ್ಟೆ ಹೊರೆದದ್ದು ಇದೇ ಕೊಕ್ಕೆ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ ವಿದೇಶಗಳಿಗೂ ಹೋಗಿ ಹೆಸರು ಮಾಡಿತು. ಆದರೆ ಅದನ್ನು ಹೆಣೆದ ಹೆಂಗಸರ ಕೆಲಸವನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಎಣಿಸಿ ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು.

15–20 ಸಾಲಿಗೆ ನಿಮ್ಮ ಮೊದಲ ಚೌಕ ಸಿದ್ಧವಾಗುತ್ತದೆ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿಟ್ಟುಕೊಳ್ಳಿ. ಮುಂದೆಂದಾದರೂ ಜಾತ್ರೆಯಲ್ಲೋ ಕರಕುಶಲ ಪ್ರದರ್ಶನದಲ್ಲೋ ಕ್ರೋಶಾ ತೋರಣಕ್ಕೆ ಚೌಕಾಸಿ ಮಾಡಹೊರಟಾಗ ಆ ಲೆಕ್ಕ ನೆನಪಾಗಲಿ.