ಅಲೆಯುವವರೂ ಅಲೆಸುವವರೂ

ಮಳೆಗಾಲ ಮುಗಿದು ಗದ್ದೆಯಲ್ಲಿ ಕೊಯ್ಲು ಶುರುವಾಗುವ ಹೊತ್ತಿಗೆ ಕರಾವಳಿಯಿಂದ ಘಟ್ಟ ಹತ್ತುವ ದಾರಿಗಳಲ್ಲಿ ಇನ್ನೊಂದು ಸುಗ್ಗಿ ಆರಂಭವಾಗುತ್ತದೆ. ಅದು ಪ್ರವಾಸದ ಸುಗ್ಗಿ. ಬೆಳಿಗ್ಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಬಿಸಿಲೇರುವ ಮುನ್ನ ಕಾರ್ಕಳದ ಗೊಮ್ಮಟ, ಮಧ್ಯಾಹ್ನಕ್ಕೆ ವರಂಗದ ಕೆರೆ ಬಸದಿ, ಮರುದಿನ ಮಾಳದ ಘಾಟಿ ಹತ್ತಿ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಎರಡು ದಿನದಲ್ಲಿ ಆರು ಶತಮಾನಗಳ ಶಿಲ್ಪವನ್ನೂ ಅದಕ್ಕಿಂತ ಎಷ್ಟೋ ಹಳೆಯದಾದ ಕಾಡನ್ನೂ ‘ನೋಡಿ ಮುಗಿಸಿದೆವು’ ಎನ್ನುತ್ತಾ ವಾಹನಗಳು ಇಳಿದು ಹೋಗುತ್ತವೆ. ನೋಡಿದವರ ಪಾಲಿಗೆ ಮುಗಿದದ್ದು ಪ್ರವಾಸ. ನೋಡಿಸಿಕೊಂಡ ಊರಿನ ಪಾಲಿಗೆ ಮುಗಿಯುತ್ತಿರುವುದು ಏನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಈ ಪ್ರವಾಸಿಯ ನಡೆಯಲ್ಲಿ ಒಂದು ವಿಚಿತ್ರವಿದೆ. ವರಂಗದಲ್ಲಿ ಆತ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ದೋಣಿ ಬರುವವರೆಗೆ ದಡದಲ್ಲಿ ಕಾಯುತ್ತಾನೆ. ಕೆರೆಯ ನೀರಿಗೆ ಏನನ್ನೂ ಎಸೆಯುವುದಿಲ್ಲ. ಅದೇ ಮನುಷ್ಯ ಘಾಟಿ ಹತ್ತಿ ಮೊದಲ ಝರಿ ಕಂಡಕೂಡಲೇ ಕಾರಿನ ಬಾಗಿಲು ತೆರೆದು ಹಾಡು ಹಾಕುತ್ತಾನೆ, ಮಂಗಗಳಿಗೆ ಚಿಪ್ಸ್ ಎಸೆಯುತ್ತಾನೆ, ಕುಡಿದ ಬಾಟಲಿಯನ್ನು ಬಂಡೆಯ ಸಂದಿಯಲ್ಲಿ ಬಿಟ್ಟು ಬರುತ್ತಾನೆ. ಬಸದಿಯಲ್ಲಿ ಇದ್ದ ವಿವೇಕ ಕೆಲವೇ ಮೈಲಿಗಳಲ್ಲಿ ಎಲ್ಲಿ ಹೋಯಿತು?

ಉತ್ತರ ಸರಳ. ಬಸದಿಗೆ ಒಡೆಯರಿದ್ದಾರೆ, ಅರ್ಚಕರಿದ್ದಾರೆ, ನೋಡಿಕೊಳ್ಳುವ ಸಮುದಾಯವಿದೆ. ತಪ್ಪಿದರೆ ಮುಖ ನೋಡಿ ಹೇಳುವವರು ಅಲ್ಲಿದ್ದಾರೆ. ಕಾಡಿಗೆ ಇರುವುದು ತಗಡಿನ ಫಲಕ ಮಾತ್ರ. ಒಂದು ಕಾಲಕ್ಕೆ ಕಾಡಿಗೂ ಹೇಳುವವರಿದ್ದರು. ಅದರ ಅಂಚಿನಲ್ಲಿ ಬದುಕಿ, ಅದರ ನೀರು ಕುಡಿದು, ಅದರ ದೈವಕ್ಕೆ ಹೆದರಿದ ಜನ. ಆ ಜನರನ್ನು ‘ಅತಿಕ್ರಮಣಕಾರರು’ ಎಂದು ಕರೆದ ದಿನವೇ ಕಾಡಿನ ಬಾಗಿಲಲ್ಲಿ ಚಪ್ಪಲಿ ಬಿಡಿಸುವವರು ಇಲ್ಲವಾದರು.

ಶ್ರಾವಕಾಚಾರ ಹೇಳುವುದೇನು?

ಬಸದಿ ನೋಡಲು ಬರುವವರು ಅದರ ಕಂಬ ಎಣಿಸುತ್ತಾರೆ, ಗೊಮ್ಮಟನ ಎತ್ತರ ಕೇಳುತ್ತಾರೆ. 1432ರಲ್ಲಿ ನಿಂತ ಕಾರ್ಕಳದ ಮೂರ್ತಿ ಯಾವ ವಿಚಾರವನ್ನು ಹೊತ್ತು ನಿಂತಿದೆ ಎಂದು ಕೇಳುವವರು ವಿರಳ. ಬಳ್ಳಿ ಮೈಗೆ ಹಬ್ಬುವಷ್ಟು ಕಾಲ ಅಲುಗಾಡದೆ ನಿಂತವನು ಬಾಹುಬಲಿ. ಅವನ ಮುಂದೆ ನಿಲ್ಲಲು ಇಂದಿನ ಪ್ರವಾಸಿಗೆ ಇರುವ ಸಮಯ ಒಂದು ಫೋಟೋ ತೆಗೆಯುವಷ್ಟು.

ಜೈನ ಗೃಹಸ್ಥನಿಗೆ ಹೇಳಿದ ವ್ರತಗಳಲ್ಲಿ ದಿಗ್ವ್ರತ ಎಂಬುದೊಂದಿದೆ. ಇಂಥ ದಿಕ್ಕಿನಲ್ಲಿ ಇಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲವೆಂದು ತನ್ನ ಓಡಾಟಕ್ಕೆ ತಾನೇ ಗಡಿ ಹಾಕಿಕೊಳ್ಳುವ ವ್ರತ ಅದು. ಹೋದಲ್ಲೆಲ್ಲ ಹಿಂಸೆ ಹೋಗುತ್ತದೆ, ಆದ್ದರಿಂದ ಹೋಗುವುದಕ್ಕೇ ಮಿತಿ ಇರಲಿ ಎಂಬುದು ಅದರ ತರ್ಕ. ಅನರ್ಥದಂಡವ್ರತ ಎಂಬ ಇನ್ನೊಂದು ವ್ರತ ಪ್ರಯೋಜನವಿಲ್ಲದ ಹಿಂಸೆಯನ್ನು ತಡೆಯುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇದರ ಅಡಿಯಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತದೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಕದಡುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು. ಶತಮಾನಗಳ ಹಿಂದಿನ ಈ ಪಟ್ಟಿಯನ್ನು ಇಂದು ಘಟ್ಟದ ಯಾವುದೇ ‘ವ್ಯೂ ಪಾಯಿಂಟ್’ನಲ್ಲಿ ಹಿಡಿದು ನಿಂತರೆ ಪ್ರತಿಯೊಂದಕ್ಕೂ ಗುರುತು ಹಾಕಬಹುದು. ಅಲೆಯುವವನು ಪ್ರವಾಸಿ. ಅಲೆಸುವವರು ಯಾರು ಎಂಬುದನ್ನು ಪ್ರವಾಸೋದ್ಯಮದ ಜಾಹೀರಾತುಗಳೇ ಹೇಳುತ್ತವೆ.

ಜೈನ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆ ನಿಲ್ಲುತ್ತಾರೆ. ಮೊಳಕೆಯೂ ಹುಳುವೂ ನೆಲದ ತುಂಬ ಎದ್ದಿರುವಾಗ ಕಾಲಿಡುವುದೇ ಹಿಂಸೆ ಎಂಬುದು ಚಾತುರ್ಮಾಸ್ಯದ ಕಾರಣ. ಅದೇ ತಿಂಗಳುಗಳಲ್ಲಿ ನಗರದ ಚಾರಣ ಸಂಘಟಕರು ‘ಮಾನ್ಸೂನ್ ಟ್ರೆಕ್’ ಹೆಸರಿನಲ್ಲಿ ಬಸ್ಸು ತುಂಬಿಸುತ್ತಾರೆ. ಹುಲ್ಲು ಹಸಿರಾಗಿದೆ, ಬನ್ನಿ ತುಳಿಯೋಣ ಎಂಬುದೇ ಕರೆಯ ತಾತ್ಪರ್ಯ.

ಕಾಲ್ತುಳಿತದ ಲೆಕ್ಕ

ಇದು ಬರಿಯ ಧರ್ಮಸೂಕ್ಷ್ಮವಲ್ಲ, ಮಣ್ಣಿನ ವಿಜ್ಞಾನವೂ ಹೌದು. ಕುದುರೆಮುಖದ ನೆತ್ತಿಯ ಮೇಲಿರುವುದು ಹುಲ್ಲುಗಾವಲು, ಅದರ ಮಡಿಲಿನ ಕಣಿವೆಗಳಲ್ಲಿ ಶೋಲಾ ಕಾಡು. ಇಲ್ಲಿ ಮಳೆ ವರ್ಷಕ್ಕೆ 5,000 ಮಿ.ಮೀ. ದಾಟುತ್ತದೆ. ಆ ನೀರು ಒಮ್ಮೆಲೇ ಕೊಚ್ಚಿ ಹೋಗದಂತೆ ತಡೆಯುವುದು ಹುಲ್ಲಿನ ಬೇರಿನ ಜಾಲ ಮತ್ತು ಮಣ್ಣಿನೊಳಗಿನ ಸೂಕ್ಷ್ಮ ರಂಧ್ರಗಳು. ಒದ್ದೆ ಮಣ್ಣಿನ ಮೇಲೆ ಕಾಲು ಬಿದ್ದಾಗ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಹತ್ತು ಜನ ನಡೆದರೆ ಹುಲ್ಲು ಬಾಗಿ ಮತ್ತೆ ಏಳುತ್ತದೆ. ನೂರಾರು ಜನ ದಿನವೂ ನಡೆದರೆ ಹುಲ್ಲು ಸಾಯುತ್ತದೆ, ನೆಲ ಗಟ್ಟಿಯಾಗುತ್ತದೆ, ಇಂಗಬೇಕಾದ ನೀರು ಮೇಲೆಯೇ ಹರಿಯುತ್ತದೆ. ಕೆಲವೇ ಮಳೆಗಾಲಗಳಲ್ಲಿ ಕಾಲುದಾರಿ ಕೊರಕಲಾಗುತ್ತದೆ. ಕೊರಕಲಿನಲ್ಲಿ ಜಾರುತ್ತದೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಒಂದು ದಾರಿ ಮೂರಾಗುತ್ತದೆ.

ಇದರ ಬೆಲೆ ತೆರುವವರು ಬೆಟ್ಟದ ಬುಡದ ರೈತರು. ಅಬ್ಬಿಯ ನೀರನ್ನು ಅಡಿಕೆ ದಬ್ಬೆಯಲ್ಲಿ, ಈಗೀಗ ಪೈಪಿನಲ್ಲಿ, ಅಂಗಳಕ್ಕೂ ತೋಟಕ್ಕೂ ಇಳಿಸಿಕೊಂಡ ಮನೆಗಳಿಗೆ ಮಾರ್ಚಿ–ಏಪ್ರಿಲಿನಲ್ಲಿ ನೀರು ಬರುವುದು ನೆತ್ತಿಯಲ್ಲಿ ಇಂಗಿದ ಮಳೆಯಿಂದ. ಮೇಲೆ ಇಂಗದಿದ್ದರೆ ಕೆಳಗೆ ಒಸರುವುದಿಲ್ಲ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಸೀಮೆಯಲ್ಲಿ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಸಿಂಹಬಾಲದ ಸಿಂಗಳೀಕದ ಕಥೆಯೂ ಇಂಥದ್ದೇ. ಅದು ಬಹುಪಾಲು ಮರದ ಮೇಲೆಯೇ ಬದುಕುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಪ್ರವಾಸಿಗರ ಅನುಕೂಲಕ್ಕೆಂದು ರಸ್ತೆ ಅಗಲವಾದಷ್ಟೂ ನೆತ್ತಿಯ ಚಪ್ಪರ ಹರಿಯುತ್ತದೆ, ಸಿಂಗಳೀಕದ ಗುಂಪು ಒಂದು ತುಂಡಿನಲ್ಲಿ ಸಿಕ್ಕಿಬೀಳುತ್ತದೆ. ವನ್ಯಜೀವಿ ತೋರಿಸಲೆಂದು ಮಾಡಿದ ರಸ್ತೆ ವನ್ಯಜೀವಿಯ ರಸ್ತೆಯನ್ನೇ ಕಡಿಯುತ್ತದೆ.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಸಂತೆಯಂತೆ ನೆರೆದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು; ಆನ್‌ಲೈನ್ ನೋಂದಣಿ ತಂದಿತು. ಕ್ರಮ ಸರಿ. ಆದರೆ ಎಷ್ಟು ಜನರನ್ನು ಬಿಡಬೇಕೆಂಬುದನ್ನು ಬೆಂಗಳೂರಿನ ಕಂಪ್ಯೂಟರು ತೀರ್ಮಾನಿಸಿದರೆ ಸಾಲದು. ಹುಲ್ಲಿನ ಸ್ಥಿತಿ, ಹಳ್ಳದ ನೀರು, ಬೆಂಕಿಯ ಕಾಲ ಇವನ್ನು ಬಲ್ಲ ಊರು ಅದರಲ್ಲಿ ಮಾತಾಡಬೇಕು.

ಗಣಿ ಹೋಯಿತು, ಗಿರಾಕಿ ಬಂದ

ಕುದುರೆಮುಖದ ಕಬ್ಬಿಣದ ಗಣಿ ಸುಮ್ಮನೆ ನಿಲ್ಲಲಿಲ್ಲ. ರೈತರು, ವಿದ್ಯಾರ್ಥಿಗಳು, ಪರಿಸರ ಕಾರ್ಯಕರ್ತರು ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟು ಆದೇಶ ನೀಡಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. 2012ರಲ್ಲಿ ಈ ಕಾಡು ಪಶ್ಚಿಮ ಘಟ್ಟದ ಇತರ ತಾಣಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಗಣಿಯ ಹೂಳು ಮಾತ್ರ ಅಲ್ಲಿಯೇ ಉಳಿದಿದೆ.

ಆದರೆ ಗಣಿ ನಿಂತ ಮೇಲೆ ಖಾಲಿಯಾದ ಪಟ್ಟಣವನ್ನು ಪ್ರವಾಸಿ ತಾಣ ಮಾಡುವ ಮಾತು ಮತ್ತೆ ಮತ್ತೆ ಏಳುತ್ತದೆ. ಉದ್ಯಾನದೊಳಗಿನ ಕುಟುಂಬಗಳಿಗೆ ‘ಸ್ವಇಚ್ಛೆಯ ಪುನರ್ವಸತಿ’ಯ ಹೆಸರಿನಲ್ಲಿ ಹೊರಹೋಗುವ ದಾರಿ ತೋರಿಸಲಾಗುತ್ತದೆ. ತರಗೆಲೆ ಒಟ್ಟಿದರೆ, ಸತ್ತ ಮರದ ಕೊಂಬೆ ತಂದರೆ ಮೊಕದ್ದಮೆಯ ಭಯ. ಅದೇ ಕಾಡಿನಂಚಿನಲ್ಲಿ ಹೊರಗಿನ ಬಂಡವಾಳದ ರೆಸಾರ್ಟು ಗುಡ್ಡ ಕಡಿದು ಈಜುಕೊಳ ಕಟ್ಟಿದರೆ ಅದು ಅಭಿವೃದ್ಧಿ. ಕಾಡಿನಲ್ಲಿ ಬದುಕುವುದು ಅಪರಾಧ, ಕಾಡನ್ನು ಕೊಳ್ಳುವುದು ಹಕ್ಕು ಎಂಬ ಈ ನ್ಯಾಯವನ್ನು ಮಲೆನಾಡು ಒಪ್ಪಬೇಕೇಕೆ?

ಇದಕ್ಕೆ ಒಂದು ಪ್ರತಿವಾದವಿದೆ; ಅದನ್ನು ತಳ್ಳಿಹಾಕುವಂತಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ, ಕಾಳುಮೆಣಸಿಗೆ ಸೊರಗು ರೋಗ, ಕೆಲಸಕ್ಕೆ ಆಳಿಲ್ಲ, ಮಕ್ಕಳು ಊರು ಬಿಟ್ಟಿದ್ದಾರೆ. ಹೀಗಿರುವಾಗ ಎರಡು ಕೋಣೆಯ ಹೋಂಸ್ಟೇ, ಬಾಡಿಗೆಗೆ ಓಡುವ ಒಂದು ಜೀಪು ಕೆಲವು ಮನೆಗಳ ಒಲೆ ಉರಿಸಿವೆ ಎಂಬುದು ನಿಜ. ಆದರೆ ಮನೆಯವರೇ ಗಂಜಿ ಬಡಿಸಿ, ದಾರಿ ತೋರಿಸಿ, ತಪ್ಪಿದರೆ ಗದರಿಸುವ ಆತಿಥ್ಯ ಒಂದು. ಇಡೀ ಬೆಟ್ಟವನ್ನು ಸರಕು ಮಾಡಿ ನೂರು ಕೋಣೆ ತುಂಬಿಸುವ ವ್ಯಾಪಾರ ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಪರವಾನಗಿ ಪಡೆಯುವುದು ಪ್ರವಾಸೋದ್ಯಮದ ಹಳೆಯ ಚಾಳಿ.

ಪಾರಸನಾಥದ ಪಾಠ, ಗೇರುಸೊಪ್ಪೆಯ ಪ್ರಶ್ನೆ

ಜಾರ್ಖಂಡದ ಪಾರಸನಾಥ ಬೆಟ್ಟ ಜೈನರಿಗೆ ಸಮ್ಮೇದ ಶಿಖರ; 24 ತೀರ್ಥಂಕರರಲ್ಲಿ 20 ಮಂದಿಯ ನಿರ್ವಾಣಭೂಮಿ. ಸಂತಾಲ ಆದಿವಾಸಿಗಳಿಗೆ ಅದು ಮರಾಂಗ್ ಬುರು, ಅವರ ಹಿರಿಯ ದೈವ. ಸರ್ಕಾರದ ಕಡತದಲ್ಲಿ ಅದು ವನ್ಯಜೀವಿ ಅಭಯಾರಣ್ಯ. 2019ರ ಆಗಸ್ಟಿನಲ್ಲಿ ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಬಂದಾಗ ಪರಿಸರ ಪ್ರವಾಸೋದ್ಯಮಕ್ಕೂ ಜಾಗ ಕೊಡಲಾಯಿತು. 2022ರ ಡಿಸೆಂಬರಿನಲ್ಲಿ ದೇಶದ ನಾನಾ ಕಡೆ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ಬೆಟ್ಟದ ಮೇಲಿನ ತಮ್ಮ ಹಕ್ಕು ಏನಾಯಿತೆಂದು ಸಂತಾಲರು ಆಮೇಲೆ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಪವಿತ್ರ ಎಂದು ನಂಬಿದವರು ಒಂದಾಗಿ ನಿಂತರೆ ಪ್ರವಾಸದ ನೀತಿಯನ್ನು ತಿರುಗಿಸಬಹುದು. ಆದರೆ ಬೆಟ್ಟದ ಬುಡದಲ್ಲಿ ಬದುಕುವವರನ್ನು ಬಿಟ್ಟು ಮಾಡಿದ ತೀರ್ಮಾನ ಪೂರ್ಣವಲ್ಲ. ಪಾರಸನಾಥದಿಂದ ಈ ಎರಡೂ ಮಾತು ಕಲಿಯಬೇಕು.

ಇನ್ನು ಗೇರುಸೊಪ್ಪೆ. ಶರಾವತಿಯ ದಡದ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ಸೀಮೆ ಇದು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದರು. ಆ ಮೆಣಸು ಬೆಳೆದದ್ದು ಇದೇ ಕಾಡಿನ ನೆರಳಿನಲ್ಲಿ. ನಗರ ಅಳಿಯಿತು, ಕಾಡು ಬಸದಿಯನ್ನು ಕಾಪಾಡಿಕೊಂಡು ಬಂತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ ಸುಮಾರು 930 ಚದರ ಕಿ.ಮೀ.ಯ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆ.ವ್ಯಾ. ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಪ್ರಸ್ತಾಪದ ವಿರುದ್ಧ ಕಣಿವೆಯ ಜನ ದನಿ ಎತ್ತಿದ್ದಾರೆ. ಬಸದಿ ನೋಡಿ, ಸಿಂಗಳೀಕದ ಚಿತ್ರ ತೆಗೆದುಕೊಂಡು ಹೋದ ಸಾವಿರಾರು ಜನರಲ್ಲಿ ಆ ದನಿಗೆ ದನಿ ಸೇರಿಸಿದವರೆಷ್ಟು? ನೋಡಿ ಹೋದವನು ಸಾಕ್ಷಿ. ಸಾಕ್ಷಿ ಹೇಳದವನ ನೋಟಕ್ಕೆ ಬೆಲೆಯಿಲ್ಲ.

ಆಗಬೇಕಾದದ್ದು

ಪ್ರವಾಸವೇ ಬೇಡವೆನ್ನುವುದು ಈ ಬರಹದ ವಾದವಲ್ಲ. ಕಾಡನ್ನು ಕಾಣದ ಮಕ್ಕಳು ಕಾಡಿಗಾಗಿ ಹೋರಾಡಲಾರರು. ಬೇಕಾದದ್ದು ಮಿತಿ, ಮತ್ತು ಆ ಮಿತಿಯನ್ನು ಹಾಕುವ ಅಧಿಕಾರ ಊರಿಗೆ.

ಚಾರಣದ ಪ್ರತಿ ದಾರಿಗೂ ದಿನದ ಸಂಖ್ಯೆಯನ್ನು ಗ್ರಾಮಸಭೆಯ ಮಾತು ಕೇಳಿ ನಿಗದಿ ಮಾಡಬೇಕು. ಮಳೆಗಾಲದಲ್ಲಿ ಹುಲ್ಲುಗಾವಲಿನ ದಾರಿಗಳನ್ನು ಮುಚ್ಚಬೇಕು. ಕಾಡಿಗೂ ಚಾತುರ್ಮಾಸ್ಯ ಇರಲಿ. ಪ್ರವೇಶ ಶುಲ್ಕದ ಒಂದು ಪಾಲು ಗ್ರಾಮ ಪಂಚಾಯಿತಿಗೆ ಬರಬೇಕು, ಅದರ ಲೆಕ್ಕ ಗೋಡೆಯ ಮೇಲೆ ಬರೆದಿರಬೇಕು. ಅಭಯಾರಣ್ಯದೊಳಗಿನ ರಸ್ತೆಗಳ ಅಗಲೀಕರಣ ನಿಲ್ಲಬೇಕು. ಬಸದಿಗಳ ಆಡಳಿತದವರು ಬಾಗಿಲಲ್ಲಿ ಇತಿಹಾಸದ ಫಲಕದ ಪಕ್ಕ ಅನರ್ಥದಂಡವ್ರತದ ಅರ್ಥವನ್ನೂ ಬರೆಸಿದರೆ ಮುಂದಿನ ಘಾಟಿಗೆ ಅದಕ್ಕಿಂತ ಒಳ್ಳೆಯ ಫಲಕ ಬೇಕಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಊರಿನ ಗೇಟಿನಲ್ಲಿ ಒಂದು ರಜಾದಿನ ಕುಳಿತು ವಾಹನ ಎಣಿಸಿ. ಅಬ್ಬಿಯ ನೀರಿಗೆ ಕೊಡವೊಂದನ್ನು ಹಿಡಿದು ಅದು ತುಂಬಲು ಎಷ್ಟು ನಿಮಿಷ ಬೇಕೆಂದು ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಬರೆದಿಡಿ. ಕಾಲುದಾರಿಯ ಅಗಲವನ್ನು ಪ್ರತಿ ವರ್ಷ ಅದೇ ಜಾಗದಲ್ಲಿ ಹಗ್ಗ ಹಿಡಿದು ಅಳೆಯಿರಿ. ಮೂರು ವರ್ಷದ ಇಂಥ ಒಂದು ನೋಟ್‌ಪುಸ್ತಕವನ್ನು ಯಾವ ಅಧಿಕಾರಿಯೂ ಭಾವುಕತೆ ಎಂದು ತಳ್ಳಿಹಾಕಲಾರ.

ಗಣಿಗೆ ಬೇಡವೆಂದ ನೆಲಕ್ಕೆ ಸಂತೆಗೂ ಬೇಡವೆನ್ನುವ ಶಕ್ತಿಯಿದೆ. ಬರುವವರು ಬರಲಿ, ಬಸದಿಗೆ ಬಂದಂತೆ ಕಾಡಿಗೂ ಬರಲಿ. ಹಾಗೆ ಬರಲಾರದವರಿಗೆ ಬಾಗಿಲು ಮುಚ್ಚುವ ಹಕ್ಕು ಈ ಬೆಟ್ಟದ ಜನರದ್ದು. ಅದನ್ನು ಅವರು ಕೇಳಿಯೇ ಪಡೆಯಬೇಕಾಗಿದೆ.